ಊರಿಗೊಂದು ಉಬ್ಬರದ ಹೊತ್ತು

ಚಂದ್ರ ಎಲ್ಲರಿಗೂ ಒಬ್ಬನೇ, ಅಮಾವಾಸ್ಯೆಯೂ ಒಂದೇ. ಆದರೆ ಕಡಲು ಏರಿಳಿಯುವ ಹೊತ್ತನ್ನು ತೀರ್ಮಾನಿಸುವುದು ಆಯಾ ಊರಿನ ದಡ ಮತ್ತು ತಳ. ಬಯಲುಸೀಮೆಯಿಂದ ಕಡಲಿಗೆ ಆಡಲು ಹೋಗುವವರು ಇದನ್ನು ತಿಳಿದೇ ನೀರಿಗಿಳಿಯಬೇಕು.

ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ಕಲಬುರಗಿ ಜಿಲ್ಲೆಯ ಕಮಲಾಪುರದ ಸುತ್ತಲಿನ ಹೊಲಗಳಲ್ಲಿ ಊರೇ ನೆರೆದಿರುತ್ತದೆ. ಭಜ್ಜಿ ಪಲ್ಯೆ, ಸಜ್ಜೆ ರೊಟ್ಟಿ, ಕಡುಬು ಕಟ್ಟಿಕೊಂಡು ಬಂಡಿಯನ್ನೋ ಟ್ರ್ಯಾಕ್ಟರನ್ನೋ ಏರಿ ಬಂದವರು ಜೋಳ, ಕಡಲೆಯ ಪೈರಿನ ನಡುವೆ ಚರಗ ಚೆಲ್ಲಿ ಭೂತಾಯಿಯನ್ನು ಪೂಜಿಸಿ ಅಲ್ಲೇ ಉಣ್ಣುತ್ತಾರೆ. ಅದೇ ಅಮಾವಾಸ್ಯೆ ಕಾರವಾರ, ಮಲ್ಪೆ, ಮಂಗಳೂರಿನ ಕಡಲಿಗೂ ಬಂದಿರುತ್ತದೆ. ಆ ದಿನಗಳಲ್ಲಿ ಅಲ್ಲಿಯ ನೀರು ಎಂದಿಗಿಂತ ಮೇಲಕ್ಕೆ ಏರುತ್ತದೆ, ಎಂದಿಗಿಂತ ಕೆಳಕ್ಕೆ ಇಳಿಯುತ್ತದೆ. ಕಲಬುರಗಿಯ ಪಂಚಾಂಗ ನೋಡಿದವರಿಗೆ ಅಮಾವಾಸ್ಯೆಯ ದಿನ ಗೊತ್ತು, ಆದ್ದರಿಂದ ಕಡಲಿನ ದೊಡ್ಡ ಉಬ್ಬರ ಯಾವ ದಿನಗಳಲ್ಲಿ ಎಂಬುದೂ ಹೆಚ್ಚುಕಡಿಮೆ ಗೊತ್ತು. ಗೊತ್ತಿಲ್ಲದಿರುವುದು ಹೊತ್ತು. ಉಬ್ಬರ ಎಷ್ಟು ಗಂಟೆಗೆ ಎಂಬ ಪ್ರಶ್ನೆಗೆ ಆಕಾಶ ನೋಡಿ ಉತ್ತರ ಹೇಳಲಾಗದು. ಯಾವ ಊರಿನ ಯಾವ ದಡದಲ್ಲಿ ಎಂದು ಮರುಪ್ರಶ್ನೆ ಹಾಕಲೇಬೇಕು. ಈ ಮರುಪ್ರಶ್ನೆಯನ್ನು ಹಗುರವಾಗಿ ಕಾಣುವುದರಿಂದಲೇ ಕಡಲ ತೀರದ ಆಟಗಳಲ್ಲಿ ಎಷ್ಟೋ ತಪ್ಪು ಲೆಕ್ಕಾಚಾರಗಳು ಆಗುತ್ತವೆ ಎಂಬುದು ಈ ಬರಹದ ವಾದ.

ಉಬ್ಬರವೆಂದರೆ ಕಲಬುರಗಿಗೆ ಸಂಬಂಧವಿಲ್ಲದ ಸಂಗತಿ ಎನಿಸುವುದು ಸಹಜ. ಊರು ಸಮುದ್ರಮಟ್ಟಕ್ಕಿಂತ ಸುಮಾರು 450 ಮೀಟರ್ ಎತ್ತರದಲ್ಲಿದೆ, ಕಾರವಾರದ ಕಡಲು ನೇರ ಗೆರೆಯಲ್ಲಿ ಎಳೆದರೂ 400 ಕಿ.ಮೀ. ದೂರ. ಆದರೂ ಚಂದ್ರನ ಸೆಳೆತ ಈ ನೆಲವನ್ನು ಬಿಟ್ಟಿಲ್ಲ. ಚಂದ್ರ ಮತ್ತು ಸೂರ್ಯ ಘನವಾದ ನೆಲವನ್ನೂ ದಿನಕ್ಕೆ ಎರಡು ಬಾರಿ ಎತ್ತಿ ಇಳಿಸುತ್ತಾರೆ. ನಮ್ಮ ಅಕ್ಷಾಂಶದಲ್ಲಿ ಆ ಏರಿಳಿತ ಒಂದು ಅಡಿಯ ಆಸುಪಾಸು, ಕೆಲವು ದಿನ ಅದಕ್ಕೂ ಮಿಗಿಲು. ಕಲಬುರಗಿಯ ಕೋಟೆ, ಶರಣಬಸವೇಶ್ವರ ಗುಡಿ, ಕಮಲಾಪುರದ ಕೆಂಪು ಬಾಳೆಯ ತೋಟ ಎಲ್ಲವೂ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುವುದರಿಂದ ಯಾರ ಅರಿವಿಗೂ ಬರುವುದಿಲ್ಲ. ಹಾಗಾದರೆ ಕಲಬುರಗಿಯ ಅಪ್ಪನ ಕೆರೆಯ ನೀರಿನಲ್ಲಿ, ಕಮಲಾಪುರ ತಾಲ್ಲೂಕಿನ ಗಂಡೋರಿ ನಾಲಾ ಜಲಾಶಯದಲ್ಲಿ ಉಬ್ಬರ ಏಕೆ ಕಾಣುವುದಿಲ್ಲ? ಚಂದ್ರನ ಈ ಸೆಳೆತ ಭೂಮಿಯ ಗುರುತ್ವಕ್ಕೆ ಹೋಲಿಸಿದರೆ ಕೋಟಿಯಲ್ಲಿ ಒಂದು ಪಾಲು ಮಾತ್ರ. ಒಂದು ಕಿಲೋಮೀಟರ್ ಉದ್ದದ ಕೆರೆಯಲ್ಲಿ ಅದು ಈ ದಡಕ್ಕೂ ಆ ದಡಕ್ಕೂ ಹುಟ್ಟಿಸಬಲ್ಲ ನೀರಿನ ಮಟ್ಟದ ಅಂತರ ಮಿಲಿಮೀಟರಿನ ಹತ್ತನೇ ಒಂದು ಭಾಗ, ಅಂದರೆ ಒಂದು ಹಾಳೆಯ ದಪ್ಪ. ಇಷ್ಟು ಸಣ್ಣ ಸೆಳೆತ ಕಣ್ಣಿಗೆ ಕಾಣುವ ಉಬ್ಬರವಾಗಬೇಕಾದರೆ ಸಾವಿರಾರು ಕಿಲೋಮೀಟರ್ ಉದ್ದದ ನೀರು ಬೇಕು, ಆ ನೀರಿಗೆ ಅಡ್ಡಡ್ಡ ಓಡಾಡಲು ಜಾಗ ಬೇಕು. ಒತ್ತಾಸೆ ಚಂದ್ರನದು, ಓಟ ಮಾತ್ರ ನೀರಿನದು. ಓಡುವ ನೀರಿಗೆ ದಾರಿ ಬೇಕು, ದಾರಿ ಒಂದೊಂದು ಕಡೆ ಒಂದೊಂದು ತರಹ. ಉಬ್ಬರದ ಹೊತ್ತು ಊರೂರಿಗೆ ಬೇರೆಯಾಗುವುದು ಇಲ್ಲಿಂದ.

ಪಂಚಾಂಗದ ಲೆಕ್ಕ ಎಲ್ಲಿ ಸೋಲುತ್ತದೆ

ಸ್ಥಳಕ್ಕೆ ತಕ್ಕಂತೆ ಹೊತ್ತು ಬದಲಾಗುವುದು ಪಂಚಾಂಗ ಬಲ್ಲವರಿಗೆ ಹೊಸದಲ್ಲ. ಭಾರತೀಯ ಕಾಲಮಾನ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದು. ಕಲಬುರಗಿ ಇರುವುದು 76.8 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ ಕಲಬುರಗಿಯ ಸೂರ್ಯ ಗೋಡೆ ಗಡಿಯಾರಕ್ಕಿಂತ ಸುಮಾರು 23 ನಿಮಿಷ ಹಿಂದೆ ನಡೆಯುತ್ತಾನೆ. ಇದನ್ನು ಸರಿಪಡಿಸುವ ಲೆಕ್ಕಕ್ಕೆ ಜ್ಯೋತಿಷಿಗಳು ದೇಶಾಂತರ ಸಂಸ್ಕಾರ ಎನ್ನುತ್ತಾರೆ. ಉಬ್ಬರಕ್ಕೂ ಇದೇ ಸಂಸ್ಕಾರ ಸಾಕೆಂದುಕೊಳ್ಳೋಣ. ಕಾರವಾರ 74.1 ಡಿಗ್ರಿಯಲ್ಲಿದೆ, ಮುಂಬೈ 72.8ರಲ್ಲಿ, ಗುಜರಾತಿನ ಭಾವನಗರ 72.1ರಲ್ಲಿ. ಈ ಲೆಕ್ಕದಂತೆ ಕಾರವಾರಕ್ಕೂ ಮುಂಬೈಗೂ ಸುಮಾರು 5 ನಿಮಿಷ, ಮುಂಬೈಗೂ ಭಾವನಗರಕ್ಕೂ 3 ನಿಮಿಷಕ್ಕಿಂತ ಕಡಿಮೆ ಅಂತರವಿರಬೇಕು. ನಿಜದಲ್ಲಿ ಮುಂಬೈಯಲ್ಲಿ ನೀರು ತುಂಬಿ ಇಳಿಯತೊಡಗಿದ ಮೇಲೆ ಗಂಟೆಗಟ್ಟಲೆ ಕಳೆದು ಭಾವನಗರದಲ್ಲಿ ಉಬ್ಬರ ತುದಿ ಮುಟ್ಟುತ್ತದೆ. ಎತ್ತರದಲ್ಲೂ ಹೋಲಿಕೆಯಿಲ್ಲ. ಮಂಗಳೂರಿನ ಕಡಲು ದೊಡ್ಡ ಉಬ್ಬರದ ದಿನವೂ ಒಂದೂವರೆ ಮೀಟರಿನ ಆಸುಪಾಸಿನಲ್ಲಿ ಏರಿಳಿಯುತ್ತದೆ, ಕಾರವಾರದಲ್ಲಿ ಅದಕ್ಕಿಂತ ತುಸು ಹೆಚ್ಚು, ಮುಂಬೈಯಲ್ಲಿ 4 ಮೀಟರ್ ದಾಟುತ್ತದೆ, ಭಾವನಗರದಲ್ಲಿ 10 ಮೀಟರ್ ಮುಟ್ಟುತ್ತದೆ. ಒಂದೇ ಅರಬ್ಬೀ ಸಮುದ್ರ, ಒಂದೇ ಚಂದ್ರ, ಹೆಚ್ಚುಕಡಿಮೆ ಒಂದೇ ರೇಖಾಂಶ. ಬೇರೆಯಾಗಿರುವುದು ತಳ ಮತ್ತು ದಡ ಮಾತ್ರ. ಹೀಗಾಗಿ ವ್ಯತ್ಯಾಸದ ಕಾರಣವನ್ನೂ ಅಲ್ಲೇ ಹುಡುಕಬೇಕು.

ಉಬ್ಬರವೆಂದರೆ ಬಹಳ ಉದ್ದನೆಯ ಅಲೆ. ಅದರ ಒಂದು ನೆತ್ತಿಯಿಂದ ಮತ್ತೊಂದು ನೆತ್ತಿಗೆ ಸುಮಾರು 12 ಗಂಟೆ 25 ನಿಮಿಷ. ಅಷ್ಟು ಉದ್ದದ ಅಲೆಯ ವೇಗವನ್ನು ನೀರಿನ ಆಳವೇ ಗೊತ್ತುಮಾಡುತ್ತದೆ: ಆಳವನ್ನು ಗುರುತ್ವದಿಂದ ಗುಣಿಸಿ ವರ್ಗಮೂಲ ತೆಗೆದರೆ ವೇಗ ಸಿಕ್ಕಿತು. ನಾಲ್ಕು ಸಾವಿರ ಮೀಟರ್ ಆಳದ ನಡುಗಡಲಿನಲ್ಲಿ ಅದು ಗಂಟೆಗೆ 700 ಕಿ.ಮೀ.ಗೂ ಮಿಗಿಲು, ಅಂದರೆ ವಿಮಾನದ ಓಟ. ಐವತ್ತು ಮೀಟರ್ ಆಳದ ದಡದಂಚಿಗೆ ಬಂದಾಗ 80 ಕಿ.ಮೀ., ಹೆದ್ದಾರಿಯ ಬಸ್ಸಿನಷ್ಟು. ಎರಡು ಮೀಟರ್ ಆಳದ ಹೊಳೆಯ ಬಾಯಿಯಲ್ಲಿ 16 ಕಿ.ಮೀ., ಸೈಕಲ್ಲಿನಷ್ಟು. ಭೂಮಿಯ ನೀರೆಲ್ಲ ಒಂದೇ ಆಳದ ಹೊದಿಕೆಯಾಗಿದ್ದರೆ ಚಂದ್ರನ ಹಿಂದೆ ಉಬ್ಬರ ಅಚ್ಚುಕಟ್ಟಾಗಿ ನಡೆಯುತ್ತಿತ್ತೇನೋ. ನಡುವೆ ಖಂಡಗಳು ಅಡ್ಡ ನಿಂತಿವೆ, ಭೂಮಿ ತಿರುಗುತ್ತಿದೆ. ಹಾಗಾಗಿ ಅಲೆ ಡಿಕ್ಕಿ ಹೊಡೆದು ಮರಳುತ್ತದೆ, ಒಂದೊಂದು ಸಾಗರದಲ್ಲಿ ಒಂದೊಂದು ನಡುಬಿಂದುವಿನ ಸುತ್ತ ಗಾಣದೆತ್ತಿನಂತೆ ತಿರುಗುತ್ತದೆ. ನ್ಯೂಜಿಲೆಂಡನ್ನು ಅದು ಸುತ್ತುವುದರಿಂದ ಒಂದು ಕರಾವಳಿಯಲ್ಲಿ ಉಬ್ಬರವಿದ್ದಾಗ ಎದುರು ಕರಾವಳಿಯಲ್ಲಿ ಇಳಿತ. ಪೆಸಿಫಿಕ್‌ನ ತಾಹಿತಿ ದ್ವೀಪ ಚಂದ್ರನ ಅಲೆಯ ಅಂಥ ನಡುಬಿಂದುವಿನ ಹತ್ತಿರವಿದೆ. ಅಲ್ಲಿ ಚಂದ್ರನ ಪಾಲು ಬಹುತೇಕ ಕರಗಿ ಸೂರ್ಯನ ಪಾಲು ಉಳಿದಿದೆ, ಉಬ್ಬರ ದಿನವೂ ನಡುಹಗಲು, ನಡುರಾತ್ರಿಯ ಹತ್ತಿರವೇ ಬರುತ್ತದೆ. ಉಬ್ಬರ ದಿನಕ್ಕೆ 50 ನಿಮಿಷ ತಡವಾಗುತ್ತದೆಂಬ ಶಾಲೆಯ ಪಾಠವೂ ಆ ದ್ವೀಪದಲ್ಲಿ ನಿಲ್ಲದು.

ವಿಜ್ಞಾನಿಗಳು ಇದನ್ನು ಒಪ್ಪಿಕೊಳ್ಳಲು ಸಾಕಷ್ಟು ಕಾಲ ಬೇಕಾಯಿತು. ನ್ಯೂಟನ್ ಸೆಳೆತದ ಕಾರಣ ಹೇಳಿದ, ಲಾಪ್ಲಾಸ್ ಓಡುವ ನೀರಿನ ಗಣಿತ ಕಟ್ಟಿದ. ಇಂತಿಂಥ ಬಂದರಿನಲ್ಲಿ ನಾಳೆ ಎಷ್ಟು ಗಂಟೆಗೆ ನೀರು ತುಂಬುತ್ತದೆ ಎಂದು ಆ ಸೂತ್ರಗಳಿಂದಲೇ ಹೇಳಲಾಗಲಿಲ್ಲ. ವಿಲಿಯಂ ಹ್ಯೂವೆಲ್ 1835ರಲ್ಲಿ 9 ದೇಶಗಳ 600ಕ್ಕೂ ಹೆಚ್ಚು ದಡಗಳಲ್ಲಿ ಒಂದೇ ಕಾಲಕ್ಕೆ ನೀರಿನ ಮಟ್ಟ ಅಳೆಯಿಸಿದ್ದು ಇದೇ ಕಾರಣಕ್ಕೆ. ಮುಂದೆ ಕೆಲ್ವಿನ್ ಹಿಡಿದ ದಾರಿ ಬೇರೆ: ಒಂದು ಊರಿನ ಕಡಲನ್ನು ದೀರ್ಘಕಾಲ ಅಳೆದು, ಆ ಏರಿಳಿತದಲ್ಲಿ ಚಂದ್ರ ಸೂರ್ಯರ ಒಂದೊಂದು ಲಯದ ಪಾಲು ಎಷ್ಟು, ಅದು ಎಷ್ಟು ತಡವಾಗಿ ಬರುತ್ತದೆ ಎಂದು ಬಿಡಿಸಿ, ಮತ್ತೆ ಕೂಡಿಸಿ ಮುಂದಿನ ವರ್ಷದ ಪಟ್ಟಿ ತಯಾರಿಸುವುದು. ಅದಕ್ಕಾಗಿ 1872ರಲ್ಲಿ ಗಾಲಿಗಳ ಯಂತ್ರ ರೂಪಿಸಿದ. ಭಾರತದ ಬಂದರುಗಳಿಗೆಂದೇ ಎಡ್ವರ್ಡ್ ರಾಬರ್ಟ್ಸ್ 1879ರಲ್ಲಿ ಅಂಥದೇ ಯಂತ್ರ ಸಿದ್ಧಪಡಿಸಿದ. ಇಂದು ನಮ್ಮ ಬಂದರುಗಳ ಉಬ್ಬರದ ಪಟ್ಟಿಯನ್ನು ಭಾರತೀಯ ಸರ್ವೇಕ್ಷಣಾ ಇಲಾಖೆ ಡೆಹ್ರಾಡೂನಿನಲ್ಲಿ ತಯಾರಿಸುತ್ತದೆ. ಅಲೆ, ಪ್ರವಾಹಗಳ ಮುನ್ಸೂಚನೆ ಬರುವುದು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯಿಂದ. ಎರಡೂ ಕಡಲಿಲ್ಲದ ಊರುಗಳು, ಹೈದರಾಬಾದಂತೂ ಕಲಬುರಗಿಗೆ ನೆರೆಮನೆ. ಲೆಕ್ಕವನ್ನು ಎಲ್ಲಿ ಕೂತು ಬೇಕಾದರೂ ಮಾಡಬಹುದು. ಅಳತೆ ಮಾತ್ರ ಆ ದಡದಲ್ಲೇ ಆಗಿರಬೇಕು. ಉಬ್ಬರದ ಪಟ್ಟಿಯೆಂದರೆ ಒಂದು ಊರಿನ ನೀರು ಹಿಂದೆ ಹೇಗೆ ನಡೆದುಕೊಂಡಿತ್ತು ಎಂಬುದರ ದಾಖಲೆಯನ್ನು ಮುಂದಕ್ಕೆ ಚಾಚಿದ್ದು. ಆದ್ದರಿಂದಲೇ ಅದು ಆ ಊರಿಗೆ ಮಾತ್ರ ಸಲ್ಲುತ್ತದೆ.

ಅಳಿವೆಯಲ್ಲಿ ಬೇರೆಯೇ ಗಡಿಯಾರ

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಎರಡೂ ಉಬ್ಬರ ಒಂದೇ ಎತ್ತರಕ್ಕೆ ಬರುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಚಂದ್ರ ಸೂರ್ಯರ ಸೆಳೆತ ಕೂಡಿಕೊಂಡು ಏರಿಳಿತ ಹಿಗ್ಗುತ್ತದೆ, ಅಷ್ಟಮಿಯ ಹೊತ್ತಿಗೆ ಒಂದನ್ನೊಂದು ಕತ್ತರಿಸಿ ಕುಗ್ಗುತ್ತದೆ. ಹಾಗೆಂದು ದೊಡ್ಡ ಉಬ್ಬರ ಹುಣ್ಣಿಮೆಯ ದಿನವೇ ಬರಬೇಕೆಂದಿಲ್ಲ, ಒಂದೆರಡು ದಿನ ತಡವಾಗಿ ಬರುವುದೇ ಹೆಚ್ಚು. ಇಲ್ಲೊಂದು ಆಕ್ಷೇಪ ಏಳಬಹುದು. ಕರ್ನಾಟಕದ ತೀರದಲ್ಲಿ ಹುಣ್ಣಿಮೆಯ ಆಸುಪಾಸಿನ ದೊಡ್ಡ ಉಬ್ಬರ ಸ್ಥೂಲವಾಗಿ ನಡುಹಗಲು, ನಡುರಾತ್ರಿಗಳ ಹತ್ತಿರಕ್ಕೇ ಬರುತ್ತದೆ. ಹುಣ್ಣಿಮೆಯ ಚಂದ್ರ ನೆತ್ತಿಗೇರುವುದೂ ನಡುರಾತ್ರಿಗೆ. ಹಾಗಾದರೆ ಚಂದ್ರ ಎತ್ತಿದಾಗ ನೀರು ಏಳುತ್ತದೆ ಎಂದರೆ ಸಾಲದೇ? ಸಾಲದು. ಅದು ಈ ತೀರದ ಮಟ್ಟಿಗೆ ಒದಗಿಬಂದ ಕಾಕತಾಳೀಯ. ಅದೇ ಚಂದ್ರ ನೆತ್ತಿಯ ಮೇಲಿದ್ದಾಗ ಭಾವನಗರದ ನೀರು ಬೇರೆಯೇ ಮಟ್ಟದಲ್ಲಿರುತ್ತದೆ. ಒಂದು ಊರಿನಲ್ಲಿ ಸರಿಹೊಂದಿದ ನಿಯಮವನ್ನು ಊರೂರಿಗೂ ಹೊತ್ತೊಯ್ಯುವುದೇ ಅಪಾಯದ ಮೊದಲ ಹೆಜ್ಜೆ. ಆದರೆ ಈ ಕಾಕತಾಳೀಯದಿಂದ ಪ್ರವಾಸಿಗರಿಗೆ ತಿಳಿಯಬೇಕಾದ ಒಂದು ಮಾತೂ ಇದೆ. ನಡುಹಗಲಿಗೆ ಉಬ್ಬರವಾದರೆ ಇಳಿತ ಸಂಜೆಗೆ. ಸೂರ್ಯಾಸ್ತ ನೋಡಲು ಜನ ಮುತ್ತುವ ವೇಳೆಗೆ ಮರಳು ಅಗಲವಾಗಿ ತೆರೆದು, ಕಡಲು ಹಿಂದೆ ಸರಿದು, ಇನ್ನೂ ಮುಂದೆ ಬನ್ನಿ ಎಂದು ಕರೆಯುವಂತೆ ಕಾಣುತ್ತದೆ. ನಿನ್ನೆ ಆಳವಿದ್ದ ಜಾಗದಲ್ಲಿ ಇಂದು ಮೊಣಕಾಲುದ್ದ ನೀರು. ಬಯಲುಸೀಮೆಯವರು ಕೆರೆಯ ಅನುಭವದಿಂದ ಇದನ್ನು ಆಳವಿಲ್ಲದ ದಡವೆಂದು ಓದಿಬಿಡುತ್ತಾರೆ.

ಕಡಲಂಚು ಬಿಟ್ಟು ಹೊಳೆಯ ಬಾಯಿಗೆ ಬಂದರೆ ಗಡಿಯಾರ ಇನ್ನೊಮ್ಮೆ ಬದಲಾಗುತ್ತದೆ. ಹೊಳೆ ಕಡಲು ಸೇರುವ ಬಾಗಿಲಿಗೆ ಕರಾವಳಿಯವರು ಅಳಿವೆ ಎನ್ನುತ್ತಾರೆ. ಮರಳಿನ ದಿಬ್ಬಗಳ ನಡುವಿನ ಆ ಇಕ್ಕಟ್ಟಿನಲ್ಲಿ ನುಗ್ಗಿದ ಉಬ್ಬರ ಒಳನಾಡಿನ ಕಡೆಗೆ ಸೈಕಲ್ಲಿನ ವೇಗದಲ್ಲಿ ಸಾಗುತ್ತದೆ. ಉತ್ತರ ಕನ್ನಡದ ಅಘನಾಶಿನಿಯಲ್ಲಿ ಉಪ್ಪುನೀರು ಉಪ್ಪಿನಪಟ್ಟಣದ ಕಡೆಗೆ ಇಪ್ಪತ್ತು ಕಿ.ಮೀ.ಗೂ ಹೆಚ್ಚು ದೂರ ಏರುತ್ತದೆ. ಗಂಟೆಗೆ 16 ಕಿ.ಮೀ. ಲೆಕ್ಕದಲ್ಲಿ ನೋಡಿದರೂ ಬಾಯಿಯಲ್ಲಿ ಆದ ಉಬ್ಬರ ಮೇಲಿನ ಊರು ಮುಟ್ಟಲು ಒಂದು ಗಂಟೆಗೂ ಹೆಚ್ಚು ಬೇಕು. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಇದೆ. ನೀರಿನ ಮಟ್ಟ ಇಳಿಯತೊಡಗುವ ಕ್ಷಣವೂ ಹರಿವು ತಿರುಗುವ ಕ್ಷಣವೂ ಒಂದೇ ಅಲ್ಲ. ಹೊರಗೆ ಕಡಲಿನ ಮಟ್ಟ ಇಳಿಯತೊಡಗಿದ್ದರೂ ಒಳಗಿನ ಹಿನ್ನೀರು ಇನ್ನೂ ತುಂಬಿರದಿದ್ದರೆ ಅಳಿವೆಯಲ್ಲಿ ಸೆಳೆತ ಒಳಮುಖವಾಗಿಯೇ ಇರುತ್ತದೆ. ಇತ್ತ ಕಡಲು ಮತ್ತೆ ಏರತೊಡಗಿದರೂ ಒಳಗಿನ ನೀರು ಹೊರಕ್ಕೆ ಸುರಿಯುತ್ತಲೇ ಇರಬಹುದು. ಉಪ್ಪುನೀರಿನ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುವವರು, ಇಳಿತದಲ್ಲಿ ಚಿಪ್ಪಿ ಹೆಕ್ಕುವ ಹೆಂಗಸರು, ಸಾಣಿಕಟ್ಟೆಯ ಉಪ್ಪಿನಾಗರದವರು ತಲೆತಲಾಂತರದಿಂದ ಬದುಕಿದ್ದು ಈ ಸ್ಥಳೀಯ ಗಡಿಯಾರವನ್ನು ನೋಡಿಕೊಂಡೇ. ಅವರ ತಿಳಿವಳಿಕೆ ಇರುವುದು ತಂತಮ್ಮ ಕಟ್ಟೆ, ತಂತಮ್ಮ ತೂಬಿನ ಹೊತ್ತಿನಲ್ಲಿ. ಪಕ್ಕದ ಹೊಳೆಗೆ ಅದನ್ನು ಅವರೂ ಒಯ್ಯುವುದಿಲ್ಲ.

ಜಲಕ್ರೀಡೆಗಳ ವಿಷಯದಲ್ಲಿ ಇದೆಲ್ಲ ಕೂಡಲೇ ಕೈಗೆ ತಾಕುವ ಸಂಗತಿ. ನಂದಿನಿ, ಶಾಂಭವಿ ಹೊಳೆಗಳು ಕೂಡಿ ಕಡಲು ಸೇರುವ ಸಸಿಹಿತ್ಲು ಸರ್ಫಿಂಗ್‌ಗೆ ಹೆಸರಾದ ದಡ. ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆಗಳು ಅಲ್ಲೂ ಮಂಗಳೂರಿನ ಪಣಂಬೂರಿನಲ್ಲೂ ನಡೆದಿವೆ. ಅಲೆ ಒಡೆಯುವುದು ನೀರಿನ ಆಳ ಅದರ ಎತ್ತರಕ್ಕೆ ಸಮೀಪವಾದಾಗ. ಹಾಗಾಗಿ ಇಳಿತದಲ್ಲಿ ದೂರದ ಮರಳದಿಬ್ಬದ ಮೇಲೆ ಒಡೆಯುವ ಅಲೆ ಉಬ್ಬರದಲ್ಲಿ ದಿಬ್ಬ ದಾಟಿ ಬಂದು ದಡದ ಬುಡದಲ್ಲಿ ದಬ್ಬೆಂದು ಬೀಳುತ್ತದೆ. ಹಲಗೆಯ ಮೇಲೆ ಜಾರುವವನಿಗೆ ಒಂದರಲ್ಲಿ ಉದ್ದದ ಸವಾರಿ, ಇನ್ನೊಂದರಲ್ಲಿ ಕುತ್ತಿಗೆಗೆ ಪೆಟ್ಟು ಬೀಳುವ ಭಯ. ಮೂಲ್ಕಿಯ ಹಿನ್ನೀರಿನಲ್ಲಿ, ಉಡುಪಿ ಜಿಲ್ಲೆಯ ಸಾಲಿಗ್ರಾಮದ ಹತ್ತಿರದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ, ಹೊನ್ನಾವರದ ಶರಾವತಿಯಲ್ಲಿ ಕಯಾಕ್ ಹುಟ್ಟು ಹಾಕುವವರಿಗೆ ಲೆಕ್ಕವೇ ಬೇರೆ. ಕಾಂಡ್ಲಾ ಬೇರುಗಳ ನಡುವಿನ ಕಿರುದಾರಿ ಉಬ್ಬರದಲ್ಲಷ್ಟೇ ತೆರೆಯುತ್ತದೆ, ಇಳಿತದಲ್ಲಿ ಕೆಸರು. ಹೊಸಬ ಹುಟ್ಟು ಹಾಕುವ ವೇಗ ಗಂಟೆಗೆ 4ರಿಂದ 5 ಕಿ.ಮೀ. ಹೊರಮುಖದ ಸೆಳೆತ ಸೆಕೆಂಡಿಗೆ ಒಂದೇ ಮೀಟರ್ ಇದ್ದರೂ ಗಂಟೆಗೆ 3.6 ಕಿ.ಮೀ. ಆಯಿತು. ಅದಕ್ಕೆ ಎದುರಾಗಿ ಮರಳುವವನ ಪಾಲಿಗೆ ಉಳಿಯುವುದು ಹೆಚ್ಚೆಂದರೆ ಒಂದು ಕಿ.ಮೀ. ಚಿಲ್ಲರೆ, ತೋಳು ಸೋತರೆ ಅದೂ ಇಲ್ಲ. ಮುರುಡೇಶ್ವರದ ಆಚೆ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್ ಮಾಡುವವರಿಗೂ ಹರಿವು ತಿರುಗುವ ನಡುವಿನ ನಿಂತ ನೀರೇ ಅನುಕೂಲದ ಹೊತ್ತು. ಹೀಗೆ ಒಂದೊಂದು ಆಟಕ್ಕೆ ಬೇಕಾದ ಹೊತ್ತು ಒಂದೊಂದು. ಎತ್ತರದ ಹೊತ್ತು ಒಬ್ಬನಿಗೆ ಬೇಕು, ಹರಿವಿನ ಹೊತ್ತು ಇನ್ನೊಬ್ಬನಿಗೆ. ಪಟ್ಟಿಯಲ್ಲಿ ಅಚ್ಚಾಗುವುದು ಸಾಮಾನ್ಯವಾಗಿ ಮೊದಲನೆಯದು ಮಾತ್ರ.

ಆಕ್ಷೇಪಗಳು

ಮೊದಲ ಆಕ್ಷೇಪ: ಒಂದೂವರೆ ಮೀಟರಿನ ಏರಿಳಿತಕ್ಕೆ ಇಷ್ಟೊಂದು ಹೆದರಬೇಕೇ? ಗುಜರಾತಿನವರು ಹೆದರಲಿ, ನಮ್ಮದು ಸಣ್ಣ ಉಬ್ಬರವಲ್ಲವೇ? ಎತ್ತರವನ್ನಷ್ಟೇ ನೋಡಿದರೆ ಈ ಮಾತು ನಿಜ. ಆದರೆ ಆಡುವವನಿಗೆ ತಾಗುವುದು ನೀರು ಅಡ್ಡಕ್ಕೆ ಸರಿಯುವ ದೂರ ಮತ್ತು ಅದು ಹರಿಯುವ ವೇಗ. ಐವತ್ತು ಮೀಟರಿಗೆ ಒಂದು ಮೀಟರ್ ಇಳಿಜಾರಿರುವ ಚಪ್ಪಟೆ ಮರಳಿನಲ್ಲಿ ಒಂದೂವರೆ ಮೀಟರಿನ ಉಬ್ಬರ ನೀರಿನಂಚನ್ನು 75 ಮೀಟರ್ ಒಳಕ್ಕೆ ತರುತ್ತದೆ; ಹತ್ತಕ್ಕೊಂದು ಇಳಿಜಾರಿನ ದಡದಲ್ಲಿ 15 ಮೀಟರ್ ಮಾತ್ರ. ನೀರು ಸಮವೇಗದಲ್ಲೂ ಏರುವುದಿಲ್ಲ. ಆರು ಗಂಟೆಯ ಏರಿಕೆಯಲ್ಲಿ ಮೊದಲ ಗಂಟೆ, ಕೊನೆಯ ಗಂಟೆಗಳಲ್ಲಿ ನೀರು ಮಂದ. ನಡುವಿನ ಎರಡೇ ಗಂಟೆಯಲ್ಲಿ ಒಟ್ಟು ಏರಿಕೆಯ ಅರ್ಧ ಮುಗಿದುಹೋಗುತ್ತದೆ. ಈಗಷ್ಟೇ ನೋಡಿದಾಗ ಅಲ್ಲೇ ಇತ್ತಲ್ಲ ಎಂದು ಬಂಡೆಯ ಮೇಲೆ ಕುಳಿತವರು ಗಾಬರಿಯಾಗುವುದು ಈ ಎರಡು ಗಂಟೆಗಳಲ್ಲಿ. ಇನ್ನು ಅಳಿವೆಯಲ್ಲಿ ಸಣ್ಣ ಉಬ್ಬರವೆಂಬ ಸಮಾಧಾನವೂ ಇಲ್ಲ. ಹತ್ತಾರು ಕಿಲೋಮೀಟರ್ ಹಿನ್ನೀರಿನಲ್ಲಿ ಒಂದು ಮೀಟರ್ ಎತ್ತರಕ್ಕೆ ತುಂಬಿದ್ದೆಲ್ಲ ಒಂದು ಇಕ್ಕಟ್ಟಿನ ಬಾಗಿಲಿನಿಂದ ಆರು ಗಂಟೆಯೊಳಗೆ ಹೊರಬೀಳಬೇಕು. ಹೊರಬೀಳುವ ಆ ಸೆಳೆತಕ್ಕೆ ಕಡಲಿನಿಂದ ಬರುವ ಅಲೆ ಎದುರಾದಾಗ ಅಲೆ ಕಿರಿದಾಗಿ, ಕಡಿದಾಗಿ ನಿಂತು ಒಡೆಯುತ್ತದೆ. ಅಳಿವೆ ದಾಟುವಾಗ ಅನುಭವಿ ಮೀನುಗಾರರೂ ಹೊತ್ತು ನೋಡುವುದು ಇದಕ್ಕೇ. ಅವರ ದೋಣಿಗಿಂತ ಬಾಡಿಗೆಯ ಕಯಾಕ್ ಗಟ್ಟಿಯೇನಲ್ಲ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಕಡಲಲ್ಲಿ ಜನ ಸಾಯುವುದು ಅಲೆ ಮತ್ತು ಸೆಳೆತದಿಂದ, ಉಬ್ಬರದಿಂದಲ್ಲ ಎಂಬುದು ಆ ವಾದ. 2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಆ ತಿಂಗಳ ಶುಕ್ಲಪಕ್ಷದ ಅರ್ಧಚಂದ್ರ 8ರಂದು, ಹುಣ್ಣಿಮೆ 15ರಂದು. ಅಂದರೆ ದುರಂತ ನಡೆದದ್ದು ಉಬ್ಬರ ಚಿಕ್ಕದಾಗಿರುವ ದಿನಗಳಲ್ಲಿ. ಅಮಾವಾಸ್ಯೆ, ಹುಣ್ಣಿಮೆ ತಪ್ಪಿಸಿದರೆ ಸಾಕೆಂಬ ನಂಬಿಕೆಗೆ ಇದಕ್ಕಿಂತ ಕಠೋರವಾದ ಉತ್ತರ ಬೇಕಿಲ್ಲ. ಆದ್ದರಿಂದ ಒಪ್ಪಿಕೊಳ್ಳಲೇಬೇಕು: ಉಬ್ಬರದ ಪಟ್ಟಿ ಸುರಕ್ಷೆಯ ಪ್ರಮಾಣಪತ್ರ ಅಲ್ಲ. ಜೀವರಕ್ಷಕರು, ಕೆಂಪು ಬಾವುಟ, ಲೈಫ್ ಜಾಕೆಟ್ ಇಲ್ಲದ ಕಡೆ ಪಟ್ಟಿಯೊಂದೇ ಯಾರನ್ನೂ ಕಾಯದು. ಹಾಗೆಂದು ಉಬ್ಬರಕ್ಕೂ ಸೆಳೆತಕ್ಕೂ ನಂಟಿಲ್ಲವೆಂದೂ ಅಲ್ಲ. ದಡಕ್ಕೆ ಬಂದು ಬಿದ್ದ ನೀರು ಮರಳದಿಬ್ಬಗಳ ನಡುವಿನ ಕಾಲುವೆಯಂಥ ಜಾಗದಿಂದ ಕಡಲಿಗೆ ಮರಳುವುದೇ ರಿಪ್ ಕರೆಂಟ್. ನೀರು ಇಳಿದು ದಿಬ್ಬಗಳು ಮೇಲೆದ್ದಾಗ ಎಲ್ಲ ನೀರಿಗೂ ಆ ಕಾಲುವೆಯೊಂದೇ ದಾರಿಯಾಗುತ್ತದೆ. ಎಷ್ಟೋ ಮರಳ ದಡಗಳಲ್ಲಿ ಈ ಸೆಳೆತ ಇಳಿತದ ಹೊತ್ತಿಗೆ ಬಿರುಸಾಗುವುದಕ್ಕೆ ಇದೇ ಕಾರಣ. ಅಪಾಯ ಅಲೆಯಿಂದ ಬಂದರೂ ಅದು ಎಲ್ಲಿ, ಎಷ್ಟು ಹೊತ್ತಿಗೆ ಬಾಯಿ ತೆರೆಯುತ್ತದೆ ಎಂಬುದನ್ನು ಉಬ್ಬರ ಇಳಿತಗಳು ಬದಲಿಸುತ್ತಿರುತ್ತವೆ. ಬೆಳಗ್ಗೆ ಸುರಕ್ಷಿತವಾಗಿದ್ದ ಜಾಗ ಸಂಜೆಗೂ ಹಾಗೇ ಇರುತ್ತದೆಂದು ನಂಬಬಾರದು ಎನ್ನುವುದಕ್ಕೆ ಇಷ್ಟು ಸಾಕು.

ಮೂರನೆಯದು ಮೊಬೈಲಿನ ಆಕ್ಷೇಪ. ಊರಿನ ಹೆಸರು ಒತ್ತಿದರೆ ನಿಮಿಷದ ಲೆಕ್ಕದಲ್ಲಿ ಉಬ್ಬರದ ಹೊತ್ತು ತೋರಿಸುವ ಆ್ಯಪ್‌ಗಳಿರುವಾಗ ಬೇರೆ ಮಾತೇಕೆ? ಆ್ಯಪ್ ತೋರುವ ನಿಮಿಷ ನಿಖರವಾಗಿ ಕಾಣುತ್ತದೆ ನಿಜ. ಆದರೆ ದೀರ್ಘಕಾಲದ ಅಳತೆ ಇರುವುದು ಕಾರವಾರ, ಮಂಗಳೂರಿನಂಥ ಕೆಲವೇ ಬಂದರುಗಳಲ್ಲಿ. ನಡುವಿನ ಊರುಗಳ ಹೊತ್ತನ್ನು ಸಾಮಾನ್ಯವಾಗಿ ಅವುಗಳಿಂದಲೋ ಕಂಪ್ಯೂಟರಿನ ಸಾಗರ ಮಾದರಿಯಿಂದಲೋ ಅಂದಾಜಿಸಲಾಗುತ್ತದೆ. ತೆರೆದ ಕಡಲಂಚಿಗೆ ಆ ಅಂದಾಜು ಹೆಚ್ಚಿನ ಮಟ್ಟಿಗೆ ಸಾಕು. ಪ್ರತಿ ಮಳೆಗಾಲದಲ್ಲೂ ಮರಳು ಸರಿದು ಬಾಯಿ ಬದಲಿಸುವ ಅಳಿವೆಗೆ, ಹೊಳೆಯೊಳಗೆ ಐದು ಕಿ.ಮೀ. ಹೋದ ಕಾಂಡ್ಲಾ ಕಾಲುವೆಗೆ ಸಾಲದು. ಇದಲ್ಲದೆ ಆ ಲೆಕ್ಕ ಬರೀ ಚಂದ್ರ ಸೂರ್ಯರದು. ಗಾಳಿಯ ಒತ್ತಡ ಒಂದು ಮಿಲಿಬಾರ್ ಇಳಿದರೆ ಕಡಲು ಸುಮಾರು ಒಂದು ಸೆಂ.ಮೀ. ಏರುತ್ತದೆ, ದಡದತ್ತ ಬೀಸುವ ಗಾಳಿ ನೀರನ್ನು ಒತ್ತಿ ತರುತ್ತದೆ, ಮಳೆಗಾಲದ ಹೊಳೆ ಉಬ್ಬರವನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ದೂರದ ದಕ್ಷಿಣ ಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಸದ್ದಿಲ್ಲದೆ ಬಂದು ಉಬ್ಬರದೊಡನೆ ಕೂಡಿ ದಡಕ್ಕೆ ನುಗ್ಗುವುದನ್ನು ಮಲಯಾಳಿ ಮೀನುಗಾರರು ಕಳ್ಳಕ್ಕಡಲ್ ಎನ್ನುತ್ತಾರೆ, ಅಂದರೆ ಕಳ್ಳ ಕಡಲು. ಇನ್‌ಕಾಯ್ಸ್ ಅದಕ್ಕೆ ಬೇರೆಯೇ ಎಚ್ಚರಿಕೆ ಕೊಡುತ್ತದೆ. ಉಬ್ಬರದ ಆ್ಯಪ್ ನೋಡಿ ಸುಮ್ಮನಾದವರಿಗೆ ಅದು ಕಾಣುವುದಿಲ್ಲ.

ಕೊನೆಯ ಆಕ್ಷೇಪ: ಇದೆಲ್ಲ ಸ್ಥಳೀಯರಿಗೆ, ತರಬೇತುದಾರರಿಗೆ ಗೊತ್ತೇ ಇರುತ್ತದೆ, ಅವರ ಕೈಗೆ ಒಪ್ಪಿಸಿದರಾಯಿತು, ಬನಾನಾ ಬೋಟ್ ಹತ್ತಲು ಬಂದ ಕಮಲಾಪುರದವನು ಕಡಲಿನ ಗಣಿತ ಕಲಿಯಬೇಕೇ? ಕಲಿಯಬೇಕಿಲ್ಲ. ಬಾಡಿಗೆ ಕೊಟ್ಟು ತರಬೇತುದಾರನ ಜೊತೆ ನೀರಿಗಿಳಿಯುವವನಿಗೆ ಆ ತಿಳಿವಳಿಕೆಯ ಆಸರೆ ಸಿಗುತ್ತದೆ. ಆದರೆ ತೀರಕ್ಕೆ ಬರುವವರಲ್ಲಿ ಯಾರಿಗೂ ಬಾಡಿಗೆ ಕೊಡದೆ ಸುಮ್ಮನೆ ನೀರಿನಲ್ಲಿ ಆಡುವವರೂ ಇದ್ದಾರೆ. ಶಾಲಾ ಪ್ರವಾಸದ ಮಕ್ಕಳು, ಮದುವೆ ಮುಗಿಸಿ ಹೊರಟ ಬಂಧುಗಳು, ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬೆಳಗ್ಗೆ ಇಳಿದೊಡನೆ ನೀರಿಗೆ ಓಡುವ ಗೆಳೆಯರು. ಸ್ಥಳೀಯರ ತಿಳಿವಳಿಕೆ ಅವರ ತಲೆಯಲ್ಲೇ ಉಳಿದರೆ ಇವರಿಗೆ ದಕ್ಕುವುದಿಲ್ಲ. ಕೇಳಬೇಕೆಂಬುದೇ ಗೊತ್ತಿಲ್ಲದವರು ಕೇಳುವುದಾದರೂ ಹೇಗೆ?

ಕಲಬುರಗಿಯವರಿಗೆ ತಿಳಿದ ನೀರು

ನೀರಿನ ಗಡಿಯಾರ ನಾವು ನಿಂತ ದಡದಲ್ಲಿ ಇರುವುದಿಲ್ಲ ಎಂಬ ಪಾಠ ಕಲಬುರಗಿ ಜಿಲ್ಲೆಗೆ ಹೊಸದೇನಲ್ಲ. ಭೀಮೆ ಎಷ್ಟು ಏರುತ್ತಾಳೆಂಬುದು ಅಫಜಲಪುರದ ಆಕಾಶದಿಂದಷ್ಟೇ ತಿಳಿಯುವುದಿಲ್ಲ. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಎಷ್ಟು ನೀರು ಬಿಟ್ಟರು, ಸೊನ್ನ ಬ್ಯಾರೇಜಿನ ಗೇಟುಗಳನ್ನು ಯಾವಾಗ ಎತ್ತಿದರು ಎಂಬುದರಿಂದ ತಿಳಿಯುತ್ತದೆ. 2020ರ ಅಕ್ಟೋಬರಿನ ನೆರೆ ಕಂಡ ಹೊಳೆದಂಡೆಯ ಹಳ್ಳಿಗಳು ಇದನ್ನು ಮರೆಯಲಾರವು. ಹುಣ್ಣಿಮೆಗೆ ಗಾಣಗಾಪುರದ ಸಂಗಮದಲ್ಲಿ ಮುಳುಗು ಹಾಕುವ ಭಕ್ತರಿಗೆ ಅಲ್ಲಿ ಚಂದ್ರನಿಂದ ಅಪಾಯವಿಲ್ಲ, ಮೇಲಿನಿಂದ ಬರುವ ನೀರಿನಿಂದ ಇದೆ. ದಾಂಡೇಲಿಯ ಹತ್ತಿರ ಗಣೇಶಗುಡಿಯಲ್ಲಿ ಕಾಳಿ ನದಿಯ ರ್‍ಯಾಫ್ಟಿಂಗ್ ನಡೆಯುವುದೂ ಹೀಗೆಯೇ: ಸೂಪಾ ಅಣೆಕಟ್ಟೆಯಿಂದ ವಿದ್ಯುತ್ತಿಗಾಗಿ ನೀರು ಬಿಟ್ಟಾಗ ಆಟ, ನಿಲ್ಲಿಸಿದಾಗ ಬರೀ ಕಲ್ಲು. ಒಂದು ಕಡೆ ಇಂಜಿನಿಯರನ ಗೇಟು, ಇನ್ನೊಂದು ಕಡೆ ಕಡಲಿನ ತಳ. ಎರಡರಲ್ಲೂ ಕಣ್ಣೆದುರಿನ ನೀರು ದೂರದಲ್ಲಿ ಆದ ತೀರ್ಮಾನವನ್ನು ತಡವಾಗಿ ತಂದು ಒಪ್ಪಿಸುತ್ತದೆ. ಒಂದು ವ್ಯತ್ಯಾಸವೂ ಇದೆ. ಉಜನಿಯ ನೀರನ್ನು ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನ ಮೊದಲು ತಿಳಿಯಬಹುದು, ಆಗ ಹಳ್ಳಿಗಳಲ್ಲಿ ಡಂಗುರ ಸಾರುತ್ತಾರೆ. ಉಬ್ಬರವನ್ನು ವರ್ಷದ ಮೊದಲೇ ತಿಳಿಯಬಹುದು. ಅನಿಶ್ಚಿತವಾದ ನೀರಿಗೆ ಡಂಗುರ ಹೊಡೆಯುವ ನಾವು ನಿಶ್ಚಿತವಾದ ನೀರಿಗೆ ಒಂದು ಹಲಗೆ ಬರೆದು ಹಾಕುವುದು ದೊಡ್ಡ ಮಾತೇನಲ್ಲ.

ಆ ಹಲಗೆಯಲ್ಲಿ ಇರಬೇಕಾದದ್ದು ಸ್ವಲ್ಪವೇ. ಇಂದು ಈ ದಡದಲ್ಲಿ ನೀರು ತುಂಬುವ ಹೊತ್ತು, ಇಳಿಯುವ ಹೊತ್ತು. ಪಕ್ಕದ ಅಳಿವೆಯಲ್ಲಿ ಸೆಳೆತ ಹೊರಕ್ಕೆ ತಿರುಗುವ ಹೊತ್ತು. ಇದನ್ನು ಅಚ್ಚಾದ ಪಟ್ಟಿಯಿಂದ ನಕಲು ಮಾಡಲಾಗದು, ಅಲ್ಲಿಯ ಮೀನುಗಾರರನ್ನೂ ಜೀವರಕ್ಷಕರನ್ನೂ ಕೇಳಿ ಬರೆಯಬೇಕು. ನೀರು ಬಿರುಸಾಗಿ ಏರುವ ನಡುವಿನ ಎರಡು ಗಂಟೆ. ಇನ್‌ಕಾಯ್ಸ್ ಎಚ್ಚರಿಕೆ ಇದ್ದರೆ ಅದು. ಎಲ್ಲವೂ ಕನ್ನಡದಲ್ಲಿ, ಬಸ್ಸಿಳಿದವನ ಕಣ್ಣಿಗೆ ಬೀಳುವಂತೆ. ಖರ್ಚು ಒಂದು ಕರಿಹಲಗೆ, ಒಂದು ಸುಣ್ಣದ ಕಡ್ಡಿ, ದಿನಕ್ಕೆ ಐದು ನಿಮಿಷ. ಇತ್ತ ಕಲಬುರಗಿಯಿಂದ ಮಕ್ಕಳನ್ನು ಕರೆದೊಯ್ಯುವ ಮೇಷ್ಟ್ರು ಊಟ, ವಸತಿ, ಬಸ್ಸಿನ ಪಟ್ಟಿಯ ಜೊತೆ ಕಡಲಿನ ಹೊತ್ತನ್ನೂ ಬರೆದಿಟ್ಟುಕೊಳ್ಳಬೇಕು. ಕಲಬುರಗಿಯಲ್ಲಿ ಬಳಸುವ ಪಂಚಾಂಗಕ್ಕೆ ಕಲಬುರಗಿಯ ಸೂರ್ಯೋದಯವೇ ಬೇಕೆಂದು ಹಟ ಹಿಡಿಯುವ ಜನ ನಾವು. ಇಪ್ಪತ್ತು ನಿಮಿಷದ ವ್ಯತ್ಯಾಸಕ್ಕೆ ಮುಹೂರ್ತ ತಪ್ಪುತ್ತದೆಂದು ಲೆಕ್ಕ ತಿದ್ದುತ್ತೇವೆ. ಆ ಹಟವನ್ನು ಕಡಲ ದಡಕ್ಕೂ ಒಯ್ದರೆ ಸಾಕು. ಅಲ್ಲಿ ಎದುರಾದ ಮೊದಲ ಮೀನುಗಾರನನ್ನು ಉಬ್ಬರ ಎಷ್ಟೊತ್ತಿಗೆ ಎಂದಷ್ಟೇ ಕೇಳಿದರೆ ಅರ್ಧ ಪ್ರಶ್ನೆಯಾಯಿತು. ಕಾಲಬಳಿಯ ಮರಳು ತೋರಿಸಿ ಕೇಳಬೇಕು: ಇಲ್ಲಿಗೆ ಎಷ್ಟೊತ್ತಿಗೆ?